ಹೀರಪ್ಪನ ಕೊನೆಯ ಕಂತು

ಬೆರಳಿನಿಂದ ಬೆಳ್ಳುಳ್ಳಿಯ ವಾಸನೆ ಹೋಗಿಲ್ಲ, ಎರಡು ಸಲ ಸೋಪು ಹಚ್ಚಿದರೂ ಹೋಗಿಲ್ಲ, ಹೋಗದಿರುವುದೇ ಒಳ್ಳೆಯದು, ಇವತ್ತು ಈ ಮನೆಗೆ ಬೆಳ್ಳುಳ್ಳಿ ಬೇಕೇ ಬೇಕು — ಸೌಜನ್ಯಾ ಬೆರಳನ್ನು ಇನ್ನೊಮ್ಮೆ ಮೂಗಿನ ಹತ್ತಿರ ತಂದಳು, ಟಿವಿಯಲ್ಲಿ ಸೀರಿಯಲ್ಲಿನ ಕಳೆದ ವಾರದ ತುಣುಕುಗಳು ಓಡುತ್ತಿದ್ದವು, ಕಾಡು, ಓಡುವ ಕಾಲುಗಳು, ಕುತ್ತಿಗೆಯ ಮೇಲೆ ಎರಡು ಹಲ್ಲಿನ ಗುರುತು, ಸೋಫಾದ ಆ ತುದಿಯಲ್ಲಿ ಗಂಡ ರವಿಶಂಕರ, ಈ ತುದಿಯಲ್ಲಿ ತಾನು, ನಡುವೆ ರುಕ್ಮಿಣಿ. ನಡುವೆ ಅಂದರೆ ನಟ್ಟನಡುವೆ, ಎಂಟು ವರ್ಷ ಬರೀ ಒಂದು ದಿಂಬು ಇರುತ್ತಿದ್ದ ಜಾಗದಲ್ಲಿ, ಆ ದಿಂಬನ್ನೇ ತೊಡೆಯ ಮೇಲಿಟ್ಟುಕೊಂಡು, ಕಾಲು ಮಡಚಿಕೊಂಡು, ತವರುಮನೆಗೆ ಬಂದವಳ ಹಾಗೆ. ರವಿಶಂಕರನ ಆಫೀಸಿನವಳು, ಮೈಸೂರಿನವಳು, ಕಳೆದ ವರ್ಷ ಬಂದು ಇದೇ ವೂರ್‌ಬರ್ಗ್ ಊರಿನಲ್ಲಿ ಮನೆ ಹಿಡಿದವಳು, ಬೆಳಿಗ್ಗೆ ಇಬ್ಬರೂ ಒಂದೇ ರೈಲಿನಲ್ಲಿ ರಾಟರ್‌ಡ್ಯಾಮಿಗೆ ಹೋಗುತ್ತಾರೆ, ರೈಲಿನಲ್ಲಿ ಇದೇ ಸೀರಿಯಲ್ಲಿನ ಮಾತಂತೆ, ಅಕ್ಕಾ ನಿಮ್ಮನೆಯೋರು ಎಷ್ಟು ಚೆನ್ನಾಗಿ ಕಥೆ ಹೇಳ್ತಾರೆ ಅಂತೀರಾ, ನಂಗೆ ನಗು ತಡೆಯೋಕೇ ಆಗಲ್ಲ. ಅಂತೀರಾ ಅಂದರೆ ಏನೆನ್ನಬೇಕು, ಎಂಟು ವರ್ಷದಿಂದ ಕೇಳಿದವಳಿಗೇ ಬಂದು ಹೇಳುವ ಸಡಗರ ನೋಡು. ಕೊನೇ ಎಪಿಸೋಡ್ ಒಬ್ಳೇ ನೋಡೋಕೆ ಬೇಜಾರು ಅಕ್ಕಾ, ನಾನೂ ಬರ್ಲಾ? ಬರ್ರಿ ಬರ್ರಿ, ಅದಕ್ಕೇನಂತ — ಅಂದದ್ದು ಯಾರು, ಈ ಬಾಯಿಯೇ. ಕರೆಯದೆ ಹೊಸ್ತಿಲು ದಾಟುವಂತಿಲ್ಲ ಅನ್ನುವುದು ರಕ್ತ ಕುಡಿಯುವ ಆ ಜಾತಿಗೆಲ್ಲ ಮೊದಲ ಕಟ್ಟಳೆ, ಎಂಟು ವರ್ಷ ಅದನ್ನೇ ನೋಡಿಯೂ ಕರೆದವಳಿಗೆ ಏನು ಹೇಳೋಣ. ಬಂದವಳು ಗಿರ್ಮಿಟ್ ತಿಂದಳು, ಮಿರ್ಚಿ ಭಜಿ ತಿಂದಳು, ಶೇಂಗಾ ಚಟ್ನಿಯ ಬಟ್ಟಲು ಮುಂದೆ ಮಾಡಿದರೆ ಮೂಗು ಸ್ವಲ್ಪ ಹಿಂದೆಳೆದಳು, ಅಯ್ಯೋ ಅಕ್ಕಾ, ಬೆಳ್ಳುಳ್ಳಿ ಹಾಕಿದೀರಾ, ನಾನು ತಿನ್ನಲ್ಲ. ತಿನ್ನುವುದಿಲ್ಲ! ಬೆಳ್ಳುಳ್ಳಿ ಆಗದು ಅನ್ನುವುದು ಆ ಜಾತಿಯ ಎರಡನೆಯ ಕಟ್ಟಳೆ, ಸೌಜನ್ಯಾಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಸಾಕ್ಷಿಯೇ ಸಿಕ್ಕಿತು ಅನ್ನುವ ಹಾಗೆ, ಒಂದು ಇಡೀ ಗಡ್ಡೆ ಸುಲಿದು ಹಾಕಿದ್ದು ಸಾರ್ಥಕವಾಯಿತು ಅಂದುಕೊಂಡಳು.

ಪರದೆ ಎಳೀಲೇನ್ರಿ ಅಂದಳು, ಎಳೀ ಅಂದ ಅವನು ಟಿವಿಯಿಂದ ಕಣ್ಣು ತೆಗೆಯದೆ, ಹೊರಗೆ ಇನ್ನೂ ಹಾಡುಹಗಲಿನಂಥ ಬಿಸಿಲು, ಮೇ ತಿಂಗಳಲ್ಲಿ ಈ ಡಚ್ಚರ ದೇಶದ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ, ಎದುರು ಮನೆಯವರು ಪರದೆ ಎಳೆಯುವುದೇ ಇಲ್ಲ, ಅವರ ಊಟ, ಅವರ ಜಗಳ, ಎಲ್ಲ ಬೀದಿಗೆ ಕಾಣುತ್ತದೆ, ಮುಚ್ಚಿಡೋದು ಏನೈತಿ ಅಂತ ಅವರ ನಂಬಿಕೆ. ಅವಳು ಪರದೆ ಎಳೆದು ಬಂದು ಕೂತಳು, ಮೂಲೆಯಲ್ಲಿ ಮೇಲಿನ ಕೋಣೆಗಳಿಗೆ ಹತ್ತುವ ಕಡಿದಾದ ಮೆಟ್ಟಿಲ ಮೇಲೆ ಸ್ಮೃತಿ ಫೋನು ಹಿಡಿದು ಕೂತಿದ್ದಾಳೆ, ಹನ್ನೆರಡು ವರ್ಷದ ಮಗಳು, ಕೆಳಗ ಬಾ, ಭಜಿ ತಿನ್ನು ಅಂದರೆ ನೇ ಮಾಮ್, ಹೂಫ್ಟ್ ನೀಟ್ ಅಂದಳು, ಬೇಡವಂತೆ, ಕನ್ನಡದಲ್ಲಿ ಕೇಳಿದ್ದಕ್ಕೆ ಡಚ್ಚಿನಲ್ಲಿ ಉತ್ತರ, ಯಾವಾಗಲೂ ಹಾಗೆಯೇ, ಅರ್ಥವೆಲ್ಲ ಆಗುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಅತ್ತೆ ಕಮಲವ್ವ ಹುಬ್ಬಳ್ಳಿಯಿಂದ ಫೋನಿನಲ್ಲಿ ಅಳುತ್ತಾರೆ, ಒಂದ ಮೊಮ್ಮಗಳು, ಅದರ ಬಾಯಾಗ ನಮ್ಮ ಮಾತಿಲ್ಲ, ಏನ್ ಕಲಿಸೀಯವ್ವಾ ಸೌಜನ್ಯಾ. ತಾನೇನು ಕಲಿಸಲಿಲ್ಲ? ಅ ಆ ಇ ಈ ಚಿತ್ರದ ಪುಸ್ತಕ, ಮಲಗುವಾಗ ಕಾಗಕ್ಕ ಗುಬ್ಬಕ್ಕ, ಒಂದು ವರ್ಷ ಪ್ರತಿ ಭಾನುವಾರ ರೈಲು ಹತ್ತಿ ಹೂಫ್‌ಡಾರ್ಪಿನ ಲೀಲಮ್ಮನವರ ಮನೆಯ ಕನ್ನಡ ಕ್ಲಾಸು, ಅಲ್ಲಿಯೂ ಈ ಹುಡುಗಿ ತುಟಿ ಹೊಲಿದುಕೊಂಡೇ ಕೂತದ್ದು. ಬಿಡು, ಶುರುವಾಯಿತು, ಸಂಗೀತ ಬಂತು, ಆ ಗುಡುಗಿನಂಥ ಸಂಗೀತ, ಕೊನೆಯ ಸಲ.

ಎಂಟು ವರ್ಷದ ಹಿಂದೆ, ಎರಡು ಸಾವಿರದ ಹತ್ತರ ಚಳಿಗಾಲ, ಬಂದ ಹೊಸತು, ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಡಚ್ಚಂತೂ ಸೊನ್ನೆ, ಟಿವಿ ಹಚ್ಚಿದರೆ ಮೇಲೆ ಇಂಗ್ಲಿಷಿನ ಮಾತು, ಕೆಳಗೆ ಡಚ್ಚಿನ ಅಕ್ಷರ, ನಡುವೆ ಅವಳು, ಎರಡೂ ದಡ ಸಿಗದೆ. ಆಗ ರವಿಶಂಕರ ಶುರು ಮಾಡಿದ್ದು, ಮಗು ಮೇಲೆ ಮಲಗಿದೆ, ದನಿ ಸಣ್ಣಗೆ ಇಟ್ಟು, ಪಾತ್ರ ಮಾತಾಡಿದ ಮೇಲೆ ಒಂದು ಉಸಿರು ತಡೆದು, ಅದನ್ನೇ ಹುಬ್ಬಳ್ಳಿ ಮಾತಿನಲ್ಲಿ ಹೇಳುವುದು. ರಕ್ತ ಹೀರುವವರಿಗೆ ಅವನಿಟ್ಟ ಹೆಸರು ಹೀರಪ್ಪ. ಬೇಟೆಯಾಡುವವಳು ಗಂಗವ್ವ, ಅವಳ ಜೊತೆಗಾರ ಬಸವಂತಪ್ಪ, ಅವರ ನಿಜವಾದ ಹೆಸರು ಈಗ ಕೇಳಿದರೆ ಅವಳಿಗೆ ತಟ್ಟನೆ ಹೊಳೆಯುವುದಿಲ್ಲ, ಚರ್ಮದ ಕೋಟಿನ ಬಿಳಿಯ ಹೆಂಗಸು ಗಂಗವ್ವ ಅಂದರೆ ಗಂಗವ್ವನೇ. ಏ ಹೀರಪ್ಪಾ, ಹೊರಗ ಬಾರೋ, ನಿನ್ನ ಹಲ್ಲು ಕಿತ್ತು ಕೈಯಾಗ ಕೊಡ್ತೀನಿ! ಸೌಜನ್ಯಾ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದು, ಪರದೇಶದಲ್ಲಿ ಮೊದಲ ಸಲ ನಕ್ಕಿದ್ದು ಆ ರಾತ್ರಿಯೇ. ಆಮೇಲೆ ಅವಳು ಡಚ್ ಕಲಿತಳು, ಪರೀಕ್ಷೆ ಪಾಸಾದಳು, ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಕಡೆ ಕೆಲಸ ಹಿಡಿದಳು, ಈಗ ಮೇಲಿನ ಮಾತೂ ತಿಳಿಯುತ್ತದೆ, ಕೆಳಗಿನ ಅಕ್ಷರವೂ ತಿಳಿಯುತ್ತದೆ, ಅವನ ಕನ್ನಡ ಬೇಕೇ ಇಲ್ಲ — ಹಾಗಂತ ಅವಳು ಹೇಳಲಿಲ್ಲ, ಗೊತ್ತಿದ್ದೂ ಅವನು ನಿಲ್ಲಿಸಲಿಲ್ಲ. ಪ್ರತಿ ಭಾನುವಾರ ಪಾತ್ರದ ತುಟಿ ಮೊದಲು, ಒಂದು ಉಸಿರು, ಆಮೇಲೆ ಅವನ ತುಟಿ. ಅವಳು ಟಿವಿಗಿಂತ ಹೆಚ್ಚು ಆ ತುಟಿಯನ್ನೇ ನೋಡಿದವಳು, ಮೀಸೆಯಲ್ಲಿ ನರೆ ಬಂದದ್ದೂ ಹಾಗೆ ನೋಡುತ್ತಲೇ ಗೊತ್ತಾದದ್ದು. ಒಂದು ಕರಾರೂ ಇದೆ, ಅಮೆರಿಕದಲ್ಲಿ ಮೊದಲು ಬರಲಿ, ಇಂಟರ್ನೆಟ್ಟಿನಲ್ಲಿ ಸಿಗಲಿ, ಒಬ್ಬರನ್ನು ಬಿಟ್ಟು ಒಬ್ಬರು ಕದ್ದು ನೋಡುವಂತಿಲ್ಲ, ಯಲ್ಲವ್ವನ ಆಣೆ ಅಂತ ಅವನೇ ನಗುತ್ತಾ ಆಣೆ ಇಟ್ಟದ್ದು, ನಗುತ್ತಾ ಇಟ್ಟರೂ ಆಣೆ ಆಣೆಯೇ.

ಈಗ ಪಾಳುಬಿದ್ದ ಒಂದು ಇಗರ್ಜಿ, ಮುದುಕ ಪಾದ್ರಿ, ಗಂಗವ್ವ ಏದುಸಿರು ಬಿಡುತ್ತಾ ಒಳಗೆ ಬರುತ್ತಾಳೆ, ಬಸವಂತಪ್ಪನನ್ನು ಕಳೆದ ವಾರ ಹೀರಪ್ಪ ಕಚ್ಚಿಬಿಟ್ಟ, ಈಗ ಅವನೂ ಹೀರಪ್ಪನಾಗುತ್ತಿದ್ದಾನೆ, ಯಾರಿಗೂ ಅಪಾಯ ಬೇಡವೆಂದು ತಾನೇ ಹೋಗಿ ಗಂಟೆಗೋಪುರದ ಕೋಣೆಯಲ್ಲಿ ಒಳಗಿನಿಂದ ಬೀಗ ಹಾಕಿಕೊಂಡು ಕೂತಿದ್ದಾನೆ, ಬೆಳಕು ಹರಿದರೆ ಬೂದಿ. ಪಾದ್ರಿ ಇನ್ನೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಾನೆ, ಅಷ್ಟರಲ್ಲಿ ರವಿಶಂಕರ, ತಡಾ ಮಾಡಿದಿ ಮಗಳ ಅಂದ, ಆಮೇಲೆ ಪಾದ್ರಿ ಕಣ್ಣು ತೆರೆದು ಅದನ್ನೇ ಅಂದ. ಸೌಜನ್ಯಾ ತಲೆ ಎತ್ತಿದಳು. ಇರಲಿ, ಪಾದ್ರಿಗಳು ಇನ್ನೇನು ಅನ್ನುತ್ತಾರೆ, ಎಂಟು ವರ್ಷ ನೋಡಿದವನಿಗೆ ಇಷ್ಟು ಊಹೆ ಬರದೇ, ಅವಳು ತನಗೇ ಸಮಾಧಾನ ಹೇಳಿಕೊಂಡಳು, ಆದರೆ ಕಣ್ಣು ಟಿವಿಯಿಂದ ಜಾರಿ, ರುಕ್ಮಿಣಿಯ ಮೂಗಿನ ಮೇಲಿಂದ ದಾಟಿ, ಆ ತುಟಿಗೆ ಹೋಗಿ ನಿಂತಿತು. ಗಂಗವ್ವ ಸುಮ್ಮನೆ ನಿಂತಿದ್ದಾಳೆ, ಪಾದ್ರಿ ಸುಮ್ಮನೆ ನಿಂತಿದ್ದಾನೆ, ತುಟಿ ಅಲುಗಿತು, ಗಂಟಿ ಕೆಳಗ ಇನ್ನೊಂದು ಕೀಲಿ ಅದ. ಆಮೇಲೆ — ಒಂದು ಉಸಿರಿನ ಆಮೇಲೆ — ಪಾದ್ರಿ ಇಂಗ್ಲಿಷಿನಲ್ಲಿ, ಗಂಟೆಯ ಕೆಳಗೆ ಇನ್ನೊಂದು ಕೀಲಿ ಇದೆ. ಇದನ್ನು ಯಾವ ದೇವರೂ ಊಹಿಸಲಾರ. ಎಂಟು ವರ್ಷದಲ್ಲಿ ಆ ಗಂಟೆಯ ಸುದ್ದಿಯೇ ಬಂದಿಲ್ಲ, ಕೀಲಿಯ ಸುದ್ದಿ ಎಲ್ಲಿಂದ ಬರಬೇಕು. ನೋಡಿದ್ದಾನೆ. ಆಣೆ ಮುರಿದು ನೋಡಿದ್ದಾನೆ, ನೋಡಿದ್ದಷ್ಟೇ ಅಲ್ಲ, ಹೇಳಿದ್ದಾನೆ, ಕನ್ನಡದಲ್ಲಿ ಒಮ್ಮೆ ಹೇಳಿ ಮುಗಿಸಿದ್ದಾನೆ, ಅದಕ್ಕೇ ಬಾಯಿಗೆ ಹಾದಿ ಗೊತ್ತಾಗಿ ತಾನಾಗಿ ಮುಂದೆ ಓಡುತ್ತಿದೆ, ಒಬ್ಬನೇ ಕೂತು ನೋಡುವವನು ಕನ್ನಡದಲ್ಲಿ ಹೇಳುವುದು ಯಾರಿಗೆ? ಯಾರಿಗೋ ಹೇಳಿದ್ದಾನೆ. ಯಾರಿಗೆ ಅಂದರೆ, ಇಕೋ, ನಡುವೆ ಕೂತಿದ್ದಾಳಲ್ಲ, ದಿಂಬು ತಬ್ಬಿಕೊಂಡು.

ಹೊಟ್ಟೆಯಲ್ಲಿ ಮಿರ್ಚಿಯಲ್ಲ, ಕಿಚ್ಚೇ ಬಿತ್ತು, ಹೊಟ್ಟೆಕಿಚ್ಚು ಅಂತ ಹಿರಿಯರು ಸುಮ್ಮನೆ ಅಂದಿಲ್ಲ, ನಿಜವಾಗಿ ಹೊಟ್ಟೆಯಲ್ಲೇ ಹೊತ್ತಿಕೊಳ್ಳುತ್ತದೆ, ಎದೆಗೆ ಬರುವುದು ಆಮೇಲೆ. ಬುಧವಾರ. ಬುಧವಾರವೇ ಇರಬೇಕು. ಈ ದೇಶದ ಗಂಡಸರಿಗೆ ಪಾಪಾದಾಗ್ ಅಂತ ಒಂದಿದೆ, ಅಪ್ಪನ ದಿನ, ವಾರಕ್ಕೊಂದು ದಿನ ಆಫೀಸು ಬಿಟ್ಟು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವುದು, ಬುಧವಾರ ಮಧ್ಯಾಹ್ನಕ್ಕೇ ಶಾಲೆ ಬಿಡುತ್ತದೆ, ಅವಳಿಗೆ ಅವತ್ತೇ ಕೆಲಸ ಜಾಸ್ತಿ, ನೀವೂ ಪಾಪಾದಾಗ್ ತಗೋರಿ, ನನಗ ಆಗವಲ್ದು ಅಂತ ಬೆನ್ನು ಹತ್ತಿ, ಮುನಿಸಿಕೊಂಡು, ಎರಡು ದಿನ ಮಾತು ಬಿಟ್ಟು, ಕೊಡಿಸಿದವಳು ಅವಳೇ. ಈ ರುಕ್ಮಿಣಿಯೂ ಬುಧವಾರ ಮನೆಯಿಂದಲೇ ಕೆಲಸ ಮಾಡುತ್ತಾಳಂತೆ, ವೆಡ್ನೆಸ್‌ಡೇ ನಂಗೆ ಆರಾಮ ಅಕ್ಕಾ, ಟ್ರೈನೇ ಇಲ್ಲ ಅಂದಿದ್ದಳಲ್ಲ, ಎರಡು ಬೀದಿ ಆಚೆ ಮನೆ, ನಡೆದು ಬಂದರೆ ಹಾಲು ಕಾಯುವಷ್ಟು ಹೊತ್ತು. ಹೋದ ಬುಧವಾರ ಕೆಲಸ ಮುಗಿಸಿ ಬಂದಾಗ ಸೋಫಾದ ಕಂಬಳಿ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು, ಅಂಚಿಗೆ ಅಂಚು ಸೇರಿಸಿ, ಅವನು ಹುಟ್ಟಿದಂದಿನಿಂದ ಒಂದು ಟವೆಲ್ಲೂ ಮಡಚಿದವನಲ್ಲ, ಅಬ್ಬಾ ಬುದ್ಧಿ ಬಂತು ಅಂದುಕೊಂಡು ಹಿಗ್ಗಿದ್ದಳಲ್ಲ ಪೆದ್ದಿ, ಮಡಚಿದ್ದು ಅವನಲ್ಲ, ಯಾವುದೋ ಹೆಣ್ಣುಗೈ. ತಾನು ಪರರ ಮಕ್ಕಳ ಮೂಗು ಒರೆಸುತ್ತಾ, ಜಗಳ ಬಿಡಿಸುತ್ತಾ, ಸೇಬು ಹೆಚ್ಚಿ ಕೊಡುತ್ತಾ ನಿಂತಿದ್ದ ಅದೇ ಹೊತ್ತಿನಲ್ಲಿ ಇಲ್ಲಿ ಈ ಕಂಬಳಿಯ ಕೆಳಗೆ ನಾಲ್ಕು ಕಾಲು, ಪರದೆ ಎಳೆದು — ಥೂ, ಥೂ, ಏನು ಯೋಚನೆ, ಸ್ಮೃತಿ ಮನೆಯಲ್ಲೇ ಇರುತ್ತಾಳಲ್ಲ, ಇರುತ್ತಾಳೆ, ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮನೆಗೆ ಬೆಂಕಿ ಬಿದ್ದರೂ ಗೊತ್ತಾಗದು ಅವಳಿಗೆ. ಕಂಬಳಿ ಹೊದ್ದರೆ ಹೊದ್ದುಕೊಳ್ಳಲಿ, ಕಾಫಿ ಕುಡಿದರೆ ಕುಡಿಯಲಿ, ಗಂಗವ್ವನನ್ನು ಯಾಕೆ ಕೊಟ್ಟ? ಅದೊಂದು ಮಾತ್ರ ಅವಳದಾಗಿತ್ತಲ್ಲ.

ಅದೊಂದು ಅಂದರೆ ಆ ಒಂದು ಮಾತು. ಪ್ರತಿ ಕಂತಿನ ಕೊನೆಗೆ, ರಾತ್ರಿಯ ಬೇಟೆ ಮುಗಿದು ಬೆಳಗಾಗುವಾಗ, ಹೊಗೆಯೊಳಗೆ ಒಬ್ಬರಿಗೊಬ್ಬರು ಕಾಣದೆ ಗಂಗವ್ವ ಕೂಗುತ್ತಾಳೆ, ಬದುಕಿದ್ದೀಯಾ ಅನ್ನುವ ಹಾಗೆ ಏನೋ ಇಂಗ್ಲಿಷಿನಲ್ಲಿ, ಬಸವಂತಪ್ಪ ಎಲ್ಲಿಂದಲೋ ಓಗೊಡುತ್ತಾನೆ. ರವಿಶಂಕರನ ಬಾಯಲ್ಲಿ ಅದು, ಅದೀ ಏನ? ಅದೀನಿ. ಅಷ್ಟೇ. ಅದು ಸೀರಿಯಲ್ಲಿನಿಂದ ಇಳಿದು ಮನೆಗೆ ಬಂತು, ರೈಲು ತಪ್ಪಿದಾಗ ಫೋನಿನಲ್ಲಿ, ನೆಲಮಾಳಿಗೆಯ ಕತ್ತಲಲ್ಲಿ, ಆಪರೇಷನ್ ಆಗಿ ಅವನು ಕಣ್ಣು ಬಿಟ್ಟಾಗ. ಗಂಡನಿಗೆ ನೀವು, ಬರ್ರಿ, ಹೋಗ್ರಿ ಅನ್ನುವವಳು ಅವಳು, ಅತ್ತೆ ಕೇಳಿದರೆ ಎದೆ ಬಡಿದುಕೊಂಡಾರು, ಏಕವಚನದಲ್ಲಿ ಕರೆದದ್ದು ಈ ಒಂದೇ ಮಾತಿನಲ್ಲಿ, ಅದೀ ಏನ. ಅಪ್ಪ ತೀರಿಕೊಂಡ ವರ್ಷ ಗದಗಿಗೆ ಹೋಗಲು ಟಿಕೆಟ್ಟು ಸಿಗಲಿಲ್ಲ, ಅಲ್ಲಿ ಮಣ್ಣು ಮಾಡುವ ಹೊತ್ತಿಗೆ ಇಲ್ಲಿ ಅವಳು ಬಚ್ಚಲಮನೆಯ ಚಿಲಕ ಹಾಕಿಕೊಂಡು ನಲ್ಲಿ ಬಿಟ್ಟು ಕೂತಿದ್ದಳು, ಅವನು ಬಾಗಿಲು ಬಡಿಯಲಿಲ್ಲ, ತೆಗೀ ಅನ್ನಲಿಲ್ಲ, ಆಚೆ ನೆಲದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತ, ಎಷ್ಟೋ ಹೊತ್ತಿಗೊಮ್ಮೆ, ಅದೀ ಏನ? ಅವಳು ಕೊನೆಗೂ ನಲ್ಲಿ ನಿಲ್ಲಿಸಿ, ಅದೀನಿ. ಆ ಮಾತಿಗೆ ಅವಳು ಎದ್ದದ್ದು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಪುಟ್ಟ ಸ್ಮೃತಿ, ನಿದ್ದೆಗಣ್ಣಲ್ಲಿ, ಗೊಂಬೆಯ ಕಾಲು ಹಿಡಿದುಕೊಂಡು. ತಾಳಿ ಕೇಳಿದರೂ ಕೊಟ್ಟೇನು, ಆ ಮಾತು ಕೊಡಲಾರೆ, ಈ ಮೈಸೂರಿನವಳಿಗೆ ಅದನ್ನೂ ಹೇಳಿದ್ದಾನೆಯೇ, ಅವಳು ಅದಕ್ಕೂ ಕಿಲಕಿಲ ನಕ್ಕಳೇ?

ಅಯ್ಯಯ್ಯೋ ಅಕ್ಕಾ! — ರುಕ್ಮಿಣಿ ಅವಳ ಕೈ ಹಿಡಿದುಕೊಂಡಿದ್ದಾಳೆ, ಬೆಳ್ಳುಳ್ಳಿ ನಾರುವ ಕೈಯನ್ನೇ, ಉಗುರು ಊರುವಷ್ಟು ಬಿಗಿಯಾಗಿ, ಟಿವಿಯಲ್ಲಿ ಗಂಟೆ ಕೆಳಕ್ಕೆ ಬಿದ್ದು ಪಾದ್ರಿ ಸತ್ತಿದ್ದಾನೆ, ಇಷ್ಟು ಹೊತ್ತು ಮಾತಾಡುತ್ತಿದ್ದವನು, ಅಕ್ಕಾ, ಇವ್ರನ್ನೂ ಸಾಯಿಸ್ಬಿಟ್ರಾ, ಬಸವಂತಪ್ಪನ್ನೂ ಸಾಯಿಸ್ಬಿಡ್ತಾರಾ, ಹೇಳಿ ಅಕ್ಕಾ, ನಂಗೆ ನೋಡೋಕಾಗ್ತಿಲ್ಲ, ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು, ಕಣ್ಣಲ್ಲಿ ನಿಜವಾದ ನೀರು, ಮೂಗಿನ ತುದಿ ಕೆಂಪು. ಇದು ನಾಟಕವಲ್ಲ. ಹೆಣ್ಣಿಗೆ ಹೆಣ್ಣಿನ ನಾಟಕ ಗೊತ್ತಾಗದೇ ಇರುತ್ತದೆಯೇ, ಕೈ ತಣ್ಣಗಾಗಿದೆ ಪಾಪ, ಇವಳು ನೋಡಿಲ್ಲ, ಖಂಡಿತ ನೋಡಿಲ್ಲ, ಇವಳಿಗೆ ಏನೂ ಗೊತ್ತಿಲ್ಲ. ಒಂದು ಕ್ಷಣ ಸೌಜನ್ಯಾಗೆ ಎಷ್ಟು ಹಗುರವಾಯಿತೆಂದರೆ ಆ ಹುಡುಗಿಯ ತಲೆ ಸವರಿಬಿಟ್ಟಳು, ಇಲ್ಲವ್ವಾ, ಏನೂ ಆಗೂದಿಲ್ಲ, ನೋಡು, ಇನ್ನೂ ಟೈಮ್ ಅದ. ಮನಸ್ಸಿನಲ್ಲೇ ಅವಳಿಗೆ ಬೆಳ್ಳುಳ್ಳಿ ಇಲ್ಲದ ಒಂದು ಡಬ್ಬಿ ಚಟ್ನಿಯನ್ನೂ ಕುಟ್ಟಿಕೊಟ್ಟಳು. ಆದರೆ ರವಿಶಂಕರನ ತುಟಿ? ಅದು ಇನ್ನೂ ಮುಂದೆಯೇ ಓಡುತ್ತಿದೆ, ಗಂಗವ್ವ ಮೆಟ್ಟಿಲು ಹತ್ತುತ್ತಿದ್ದಾಳೆ, ಅವಳು ಬಾಯಿ ತೆರೆಯುವ ಮೊದಲೇ ಅವನ ಬಾಯಿ ತೆರೆಯುತ್ತದೆ, ಬ್ಯಾಡೋ ಬಸವಂತಪ್ಪಾ, ನಾ ಬರಾಕತ್ತೀನಿ, ಆಮೇಲೆ ಇಂಗ್ಲಿಷು. ಅವನಿಗೆ ತಾನು ಮುಂದೆ ಓಡುತ್ತಿರುವುದೇ ಗೊತ್ತಿಲ್ಲ, ಅಷ್ಟು ಮೈಮರೆತಿದ್ದಾನೆ. ಇವಳಲ್ಲದಿದ್ದರೆ ಇನ್ನಾರು? ಬುಧವಾರ, ಕಂಬಳಿ, ನಾಲ್ಕು ಮಡಿಕೆ, ಅಂಚಿಗೆ ಅಂಚು.

ಗೋಪುರದ ತುದಿ, ಬಾಗಿಲು, ಮುಚ್ಚಿದ ಮರದ ಬಾಗಿಲು, ಕೀಲಿ ಗಂಗವ್ವನ ಕೈಯಲ್ಲಿದೆ, ತೆರೆದರೆ ಬೆಳಕು ನುಗ್ಗಿ ಅವನು ಬೂದಿಯಾಗುತ್ತಾನೆ, ತೆರೆಯದಿದ್ದರೆ ಕಿಟಕಿಯ ಸಂದಿನಿಂದ ಬೆಳಕು ಹೇಗೂ ಬರುತ್ತದೆ, ಆಗಲೂ ಬೂದಿ. ಅವಳು ಕೀಲಿ ಕೆಳಗಿಟ್ಟಳು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು — ಬಾಗಿಲಿಗೆ ಬೆನ್ನು ಕೊಟ್ಟು — ಸೌಜನ್ಯಾ ಸೋಫಾದ ಅಂಚಿಗೆ ಸರಿದಳು, ಇದು ನನ್ನದು, ಇದು ನಮ್ಮ ಬಚ್ಚಲಮನೆ, ಇದನ್ನು ಬರೆದವರಿಗೆ ಯಾರು ಹೇಳಿದರು, ಎಂಟು ವರ್ಷ ಸುತ್ತಿಬಂದು ಕಥೆ ತನ್ನ ಬಾಗಿಲ ಮುಂದೆಯೇ ಕೂತಿದೆ, ಇದನ್ನು ಅವನು ತನ್ನ ಪಕ್ಕದಲ್ಲಿ ಕೂತು ಮೊದಲ ಸಲ ನೋಡಬೇಕಾಗಿತ್ತು, ನೋಡಿ ಅವಳ ಕಡೆ ತಿರುಗಬೇಕಾಗಿತ್ತು. ಅವನು ತಿರುಗುತ್ತಿದ್ದಾನೆ. ಗಂಗವ್ವನ ಬಾಯಿ ಇನ್ನೂ ಮುಚ್ಚಿದೆ, ಅವನು ಕಣ್ಣು ತುಂಬಿಕೊಂಡು ತಿರುಗುತ್ತಿದ್ದಾನೆ, ಅವಳ ಕಡೆಗಲ್ಲ, ರುಕ್ಮಿಣಿಯ ಕಡೆಗಲ್ಲ, ಇಬ್ಬರ ತಲೆಯ ಮೇಲಿಂದ ಮೂಲೆಯ ಮೆಟ್ಟಿಲ ಕಡೆಗೆ, ತುಟಿ ಅಲುಗಿತು, ಅದೀ ಏನ? ಸೌಜನ್ಯಾ ಅವನ ನೋಟದ ಹಿಂದೆಯೇ ತಿರುಗಿದಳು, ಅಲ್ಲಿ ಫೋನು ಮೆಟ್ಟಿಲ ಮೇಲೆ ಅಂಗಾತ ಬಿದ್ದಿದೆ, ಮೊಣಕಾಲಿಗೆ ಗದ್ದ ಊರಿ ಸ್ಮೃತಿ ಟಿವಿ ನೋಡುತ್ತಿಲ್ಲ, ಅಪ್ಪನನ್ನು ನೋಡುತ್ತಿದ್ದಾಳೆ, ಕಣ್ಣು ಒದ್ದೆ, ಕಿರುನಗೆ, ಆ ಹೊಲಿದ ತುಟಿ, ಕಾಗಕ್ಕನಿಗೂ ಗುಬ್ಬಕ್ಕನಿಗೂ ಲೀಲಮ್ಮನವರಿಗೂ ಬಿಚ್ಚದ ತುಟಿ, ಅಲುಗಿತು, ಅದೀನಿ. ಸ್ವಚ್ಛ ಹುಬ್ಬಳ್ಳಿಯ ಅದೀನಿ, ದೀರ್ಘಕ್ಕೆ ದೀರ್ಘ, ಎಲ್ಲಿ ಉಸಿರು ಬಿಡಬೇಕೋ ಅಲ್ಲೇ ಬಿಟ್ಟು. ಹಿಗ್ಗಬೇಕು, ಫೋನು ಮಾಡಬೇಕು ಅತ್ತೆಗೆ, ನಿಮ್ಮ ಮೊಮ್ಮಗಳು ಮಾತಾಡಿದಳ್ರೀ, ಹರಕೆ ತೀರಿಸಬೇಕು, ಹನ್ನೆರಡು ವರ್ಷ ಕಾದ ಕನ್ನಡ ಬಂತಲ್ಲ — ಬಂದು ಕೂತದ್ದು ಮಾತ್ರ ತನ್ನ ಜಾಗದಲ್ಲಿ. ಅಂಚಿಗೆ ಅಂಚು ಸೇರಿಸಿ ಕಂಬಳಿ ಮಡಚುವುದನ್ನು ಮಗಳ ಆ ಕೈಗೆ ಕಲಿಸಿದವಳು ಅವಳೇ, ಅಪ್ಪ ಮಗಳಿಗೆ ಆ ಬುಧವಾರ ಕೊಡಿಸಿದವಳೂ ಅವಳೇ, ರುಕ್ಮಿಣಿಯಾಗಿದ್ದರೆ ಜುಟ್ಟು ಹಿಡಿದು ಹೊರಗೆ ಹಾಕಬಹುದಿತ್ತು, ಬೈಯಬಹುದಿತ್ತು, ಅತ್ತು ಊರಿಗೆಲ್ಲ ಹೇಳಬಹುದಿತ್ತು, ಈಗ ಯಾರಿಗೆ ಏನಂತ ಹೇಳಲಿ, ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ, ಹೊಟ್ಟೆಯಲ್ಲಿ ಹುಟ್ಟಿದ್ದರ ಮೇಲೆಯೇ ಹೊಟ್ಟೆ ಉರಿಯುತ್ತದೆಯಲ್ಲ ಶಿವನೇ, ಮುಂದೆ ನಾನು ಚಿಲಕ ಹಾಕಿಕೊಂಡು ಕೂತರೆ ಆ ಮಾತು ನನಗೆ ಏಳಲು ಸಾಕಾದೀತೇ, ಅಕ್ಕಾ ಯಾಕೆ ಆ ಕಡೆ ನೋಡ್ತಿದೀರಾ ಅನ್ನುತ್ತಿದ್ದಾಳೆ ರುಕ್ಮಿಣಿ, ಟಿವಿಯಲ್ಲಿ ಗಂಗವ್ವ ಈಗ ಕೇಳುತ್ತಿದ್ದಾಳೆ, ಇಂಗ್ಲಿಷಿನಲ್ಲಿ, ತಡವಾಗಿ, ಒಳಗಿನಿಂದ ಉತ್ತರವಿಲ್ಲ, ಬಾಗಿಲ ಸಂದಿನಲ್ಲಿ ಬೆಳಕು ಏರುತ್ತಿದೆ, ಬಸವಂತಪ್ಪ ಓಗೊಟ್ಟನೋ ಇಲ್ಲವೋ ನೋಡಬೇಕು, ಎಂಟು ವರ್ಷ ಕಾದದ್ದು ಇದಕ್ಕೇ, ಕಣ್ಣು ಮಾತ್ರ ಬರುತ್ತಿಲ್ಲ, ಕಣ್ಣು ಮೆಟ್ಟಿಲ ಮೇಲೆಯೇ ಇದೆ, ಅಲ್ಲಿ ಆ ಪುಟ್ಟ ತುಟಿ ಇನ್ನೂ ಮುಚ್ಚಿಲ್ಲ, ಅದೀನಿ ಅಂದ ಆಕಾರದಲ್ಲೇ, ಅಪ್ಪನ ಕಡೆಗೆ, ಸ್ವಲ್ಪ ತೆರೆದು.